ನಾಲ್ಕು ಕೋರ್, ಒಂದು ಚಿಲಕ

ದ್ವಿತೀಯ ಪಿಯುಸಿಯ ಲ್ಯಾಬ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಈ ಕಂಪ್ಯೂಟರ್‌ನಲ್ಲಿ ನಾಲ್ಕು ಕೋರ್ ಇವೆ. ಹಾಗಾದರೆ ವೇಗವೂ ನಾಲ್ಕು ಪಟ್ಟು ಇರಬೇಕಲ್ಲವೇ?" ಅಷ್ಟರಲ್ಲಿ ಬೆಲ್ ಹೊಡೆಯಿತು, ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಲಿನಕ್ಸ್‌ನ ಉದಾಹರಣೆಯಿಂದ ಹೇಳುತ್ತೇನೆ. ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಯಾವ ವರ್ಷ ಏನು ಬದಲಾಯಿತೆಂದು ಯಾರು ಬೇಕಾದರೂ ನೋಡಬಹುದು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದ್ದು ಒಂದೇ ಪ್ರೊಸೆಸರ್ ಇರುವ 386 ಕಂಪ್ಯೂಟರಿಗಾಗಿ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮೆಮೊರಿ, ಫೈಲು, ಡಿಸ್ಕು ಎಲ್ಲದರ ಲೆಕ್ಕ ಇಡುತ್ತದೆ. ಎರಡು ಪ್ರೊಸೆಸರ್‌ಗಳು ಆ ಲೆಕ್ಕಕ್ಕೆ ಒಟ್ಟಿಗೇ ಕೈ ಹಾಕಿದರೆ ತೊಂದರೆ. ಖಾಲಿ ಮೆಮೊರಿ ಪುಟಗಳು 100 ಇವೆ ಎನ್ನಿ. ಇಬ್ಬರೂ ಒಂದೇ ಕ್ಷಣದಲ್ಲಿ 100 ಎಂದು ಓದಿ, ಒಂದು ಪುಟ ತೆಗೆದುಕೊಂಡು, 99 ಎಂದು ಬರೆಯುತ್ತಾರೆ. ಹೋದದ್ದು ಎರಡು ಪುಟ, ಲೆಕ್ಕದಲ್ಲಿ ಹೋದದ್ದು ಒಂದೇ. ಇದು ಯಾವಾಗಲೋ ಒಮ್ಮೆ ಮಾತ್ರ ಆಗುವ ತಪ್ಪು. ಹಾಗಾಗಿಯೇ ಹಿಡಿಯುವುದು ಕಷ್ಟ.

1996ರ ಜೂನ್‌ನಲ್ಲಿ ಬಂದ ಲಿನಕ್ಸ್ 2.0 ಮೊದಲ ಬಾರಿಗೆ ಹಲವು ಪ್ರೊಸೆಸರ್‌ಗಳನ್ನು ಬಳಸಬಲ್ಲದಾಯಿತು. ಉಪಾಯ ಸರಳ: ಇಡೀ ಕರ್ನಲ್‌ಗೆ ಒಂದೇ ಬೀಗ. ಅದರ ಹೆಸರೇ ಬಿಗ್ ಕರ್ನಲ್ ಲಾಕ್. ಮಸೀದಿಯ ವುಝೂ ಕೋಣೆಯಲ್ಲಿ ಹತ್ತು ನಲ್ಲಿಗಳಿವೆ, ಆದರೆ ಮೊದಲು ಹೋದವರು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ ಎಂದು ಊಹಿಸಿ. (ಜುಮಾ ದಿನ ಹೀಗಾದರೆ ಏನಾದೀತು!) ಲೆಕ್ಕ ತಪ್ಪಲಿಲ್ಲ, ನಿಜ. ಬರೀ ಗಣಿತ ಮಾಡುವ ಪ್ರೋಗ್ರಾಂಗಳು ಕರ್ನಲ್‌ನ ಹೊರಗೇ ಇರುವುದರಿಂದ ಅವುಗಳಿಗೆ ಲಾಭವೂ ಆಯಿತು. ಪದೇಪದೇ ಫೈಲು, ನೆಟ್‌ವರ್ಕ್ ಬೇಕಾದವು ಮಾತ್ರ ಬಾಗಿಲಲ್ಲಿ ಕಾದವು.

ಈ ಕಾಯುವಿಕೆಯ ಬೆಲೆ ಎಷ್ಟು? 1967ರಲ್ಲಿ ಜೀನ್ ಆಮ್ಡಾಲ್ ತೋರಿಸಿದ ಲೆಕ್ಕ ಇಲ್ಲಿ ಸಾಕು. 100 ಸೆಕೆಂಡಿನ ಕೆಲಸದಲ್ಲಿ 25 ಸೆಕೆಂಡನ್ನು ಹಂಚಲಾಗದು ಎನ್ನೋಣ. ಉಳಿದ 75ನ್ನು ನಾಲ್ವರಿಗೆ ಹಂಚಿದರೆ 18.75. ಒಟ್ಟು 43.75 ಸೆಕೆಂಡು, ಅಂದರೆ ಸುಮಾರು 2.3 ಪಟ್ಟು ವೇಗ. ಸಾವಿರ ಕೋರ್ ಕೊಟ್ಟರೂ ನಾಲ್ಕು ಪಟ್ಟು ದಾಟದು.

ಹಾಗಾಗಿ 2.2 (1999), 2.4 (2001) ಆವೃತ್ತಿಗಳಲ್ಲಿ ದೊಡ್ಡ ಬೀಗದ ಕೆಲಸವನ್ನು ಚಿಕ್ಕ ಬೀಗಗಳಿಗೆ ಹಂಚುತ್ತಾ ಬಂದರು; ಒಂದೊಂದು ನಲ್ಲಿಗೆ ಒಂದೊಂದು ಸಾಲು ಮಾಡಿದ ಹಾಗೆ. ಆಗ ಬೇರೊಂದು ಅಪಾಯ ಹುಟ್ಟಿತು. ಒಂದು ಪ್ರೊಸೆಸರ್ 'ಅ' ಬೀಗ ಹಿಡಿದು 'ಬ'ಗೆ ಕಾಯುತ್ತದೆ, ಇನ್ನೊಂದು 'ಬ' ಹಿಡಿದು 'ಅ'ಗೆ ಕಾಯುತ್ತದೆ. ಇಬ್ಬರೂ ಕದಲುವುದಿಲ್ಲ. ಇದೇ ಡೆಡ್‌ಲಾಕ್. ಇದರ ಜೊತೆಗೆ ದೊಡ್ಡ ಬೀಗಕ್ಕೊಂದು ವಿಚಿತ್ರ ಗುಣವಿತ್ತು: ಹಿಡಿದ ಪ್ರಕ್ರಿಯೆ ನಿದ್ರೆಗೆ ಜಾರಿದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹಳೆಯ ಕೋಡ್ ಎಲ್ಲೆಲ್ಲಿ ಇದನ್ನು ನಂಬಿಕೊಂಡಿದೆ ಎಂದು ಒಂದೊಂದಾಗಿ ಹುಡುಕಬೇಕಾಯಿತು. ಅದು ಪೂರ್ತಿ ಹೋದದ್ದು 2011ರ ಮೇ ತಿಂಗಳಲ್ಲಿ ಬಂದ 2.6.39ರಲ್ಲಿ. ಎರಡು ಪ್ರೊಸೆಸರ್ ಓಡಿಸಲು ಕಲಿತ ಮೇಲೆ ಹದಿನೈದು ವರ್ಷ!

ಮುಂದಿನ ಲ್ಯಾಬ್‌ನಲ್ಲಿ ಲಿನಕ್ಸ್ ಟರ್ಮಿನಲ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಎನ್‌ಪಿಆರ್‌ಓಸಿ' ಎಂದು ಟೈಪ್ ಮಾಡಿ. ಎಷ್ಟು ಕೋರ್ ಕೆಲಸಕ್ಕೆ ಸಿಗುತ್ತವೆಂದು ತೋರಿಸುತ್ತದೆ. ಆ ಸಂಖ್ಯೆಯನ್ನು ಬರೆದುಕೊಂಡು, ಮೇಲಿನ 25 ಸೆಕೆಂಡನ್ನು 10ಕ್ಕೆ ಇಳಿಸಿ ಲೆಕ್ಕ ಮಾಡಿ ನನಗೆ ತೋರಿಸಿ.