ತಗಡಿಗೂ ವಯಸ್ಸಾಗುತ್ತದೆ

ಸ್ಟೀಲ್ ಶೀಟಿನಲ್ಲಿ ಕೈ ಪಳಗಿದ ನಮ್ಮ ಪೀಣ್ಯದ ಡೈ ಮೇಕರ್‌ಗಳಿಗೆ ಅಲ್ಯೂಮಿನಿಯಂ ಅಂದರೆ ಮೆತ್ತನೆಯ ಲೋಹ, ಪಾತ್ರೆ ಪಗಡಕ್ಕೆ ಆಗುವಂಥದ್ದು. ಕಾರಿನ ಬಾನೆಟ್ಟಿನ ಕೆಲಸ ಕೈಗೆ ಬಂದ ಮೇಲೆ ಆ ಅಭಿಪ್ರಾಯ ಬಹಳ ದಿನ ಉಳಿಯಲಿಲ್ಲ. ಮೊದಲ ತಕರಾರು ಕ್ರೇನಿನವನದು: ಶೀಟು ಮ್ಯಾಗ್ನೆಟ್ಟಿಗೆ ಹತ್ತುವುದಿಲ್ಲವಲ್ಲ! ಗಾಳಿ ಹೀರುವ ರಬ್ಬರ್ ಕಪ್ ತರಿಸಬೇಕಾಯಿತು.

ನಿಜವಾದ ಪಾಠ ಕಲಿಸಿದ್ದು ಹೆಮ್ಮಿಂಗ್, ಅಂದರೆ ಹೊರ ತಗಡಿನ ಅಂಚನ್ನು ಒಳ ತಗಡಿನ ಮೇಲೆ ಮಡಿಸುವ ಕೆಲಸ. ಅದೇ ಡೈ, ಅದೇ ಎಣ್ಣೆ, ಅದೇ ಟನ್ನೇಜು. ಒಂದು ಬಂಡಲ್ ಚೆನ್ನಾಗಿ ಮಡಿಯುತ್ತದೆ, ಇನ್ನೊಂದು ಮಡಿಕೆಯಲ್ಲೇ ಬಿರಿಯುತ್ತದೆ. ‘ರೇಡಿಯಸ್ ಇನ್ನೊಂದ್ಸಲ ಪಾಲಿಶ್ ಹೊಡೀಲಾ ಸಾರ್?’ ಅಂತ ಫಿಟ್ಟರ್ ಕೇಳುತ್ತಿದ್ದ. ಡೈ ಸರಿಯಾಗಿಯೇ ಇತ್ತು. ನೋಡಬೇಕಾದದ್ದು ಕಾಯಿಲಿನ ಮೇಲಿದ್ದ ತಾರೀಖು.

ಹೊರಮೈ ಭಾಗಗಳಿಗೆ ಹೆಚ್ಚಾಗಿ ಬರುವುದು ಮೆಗ್ನೀಷಿಯಂ, ಸಿಲಿಕಾನ್ ಬೆರೆತ 6000 ಸರಣಿಯ ಶೀಟು. ಕಾರ್ಖಾನೆಯಲ್ಲಿ ಅದನ್ನು ಚೆನ್ನಾಗಿ ಕಾಯಿಸಿ ತಟ್ಟನೆ ತಣಿಸಿ ಕಳಿಸುತ್ತಾರೆ. ಆಮೇಲೆ ಗೋಡೌನಿನಲ್ಲಿ ಸುಮ್ಮನೆ ಬಿದ್ದಿದ್ದರೂ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ. ಹಪ್ಪಳದ ಹಿಟ್ಟಿನ ಹಾಗೆ, ಹದ ಇದ್ದಾಗಲೇ ಲಟ್ಟಿಸಿಬಿಡಬೇಕು. ಕೊನೆಗೆ ಬೇಕಾದ ಗಟ್ಟಿತನ ಬರುವುದು ಪೇಂಟ್ ಶಾಪಿನ ಒಲೆಯಲ್ಲಿ, ಸುಮಾರು 180 ಡಿಗ್ರಿಯಲ್ಲಿ 20 ನಿಮಿಷ ಬೆಂದಾಗ. ಸ್ಪ್ರಿಂಗ್‌ಬ್ಯಾಕ್, ಅಂದರೆ ಡೈ ಬಿಟ್ಟೊಡನೆ ತಗಡು ಹಿಂದಕ್ಕೆ ಚಿಮ್ಮುವುದು, ಅದೂ ಇದೇ ವಯಸ್ಸಿನ ಮಾತು ಕೇಳುತ್ತದೆ. ಸ್ಟೀಲಿನ ಸ್ಥಿತಿಸ್ಥಾಪಕತ್ವ ಗುಣಾಂಕ 210 ಗಿಗಾಪ್ಯಾಸ್ಕಲ್, ಇದರದು 70. ಹಾಗಾಗಿ ಅಷ್ಟೇ ಬಲದ ಸ್ಟೀಲಿಗಿಂತ ಮೂರು ಪಟ್ಟು ಹಿಂದಕ್ಕೆ ಚಿಮ್ಮುತ್ತದೆ. ಹಳೆಯ ಶೀಟಾದರೆ ಇನ್ನೂ ಸ್ವಲ್ಪ ಜಾಸ್ತಿ. ಡೈಯನ್ನು ಹೆಚ್ಚು ಬಗ್ಗಿಸಿ ಕೊರೆಯಬಹುದು ನಿಜ, ಆದರೆ ಯಾವ ವಯಸ್ಸಿನ ಶೀಟಿಗೆ ಎಂದು ಮೊದಲೇ ತೀರ್ಮಾನಿಸಿರಬೇಕು.

7075ರಲ್ಲಿ ಈ ಲೆಕ್ಕ ದಿನಗಳಿಂದ ಸೆಕೆಂಡಿಗೆ ಇಳಿಯುತ್ತದೆ. ವಿಮಾನಕ್ಕೆ ಬಳಸುವ ಈ ಸತುವಿನ ಮಿಶ್ರಲೋಹ ತಣ್ಣಗಿದ್ದಾಗ ಬಗ್ಗುವುದಕ್ಕಿಂತ ಮೊದಲೇ ಸೀಳುತ್ತದೆ. ಬಾಗಿಲ ತೊಲೆ, ಪಿಲ್ಲರ್‌ನಂಥ ಭಾಗಗಳಿಗಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಳೆದ ವಿಧಾನವೊಂದಿದೆ: ಶೀಟನ್ನು 480 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ತಣ್ಣನೆಯ ಡೈಯಲ್ಲಿ ಒತ್ತಿ, ಅಲ್ಲೇ ಹಿಡಿದು ತಣಿಸುವುದು. ಆಮೇಲೆ 120 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಪೂರ್ತಿ ಬಲ. ಒಲೆಯಿಂದ ಡೈಗೆ ಹೋಗುವ ದಾರಿಯಲ್ಲಿ ಕೈ ನಿಧಾನವಾದರೆ ಸತು, ಮೆಗ್ನೀಷಿಯಂ ಕಣಗಳು ಮೊದಲೇ ದಪ್ಪದಪ್ಪಗೆ ಬೇರ್ಪಟ್ಟುಬಿಡುತ್ತವೆ. ಆ ಭಾಗ ನೋಡಲು ಲಕ್ಷಣವಾಗಿಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ನನಗೆ ಭಯ ಇದರದೇ. ಬಿರುಕಾದರೂ ಕಣ್ಣಿಗೆ ಕಾಣುತ್ತದೆ. ಹಾರ್ಡ್‌ನೆಸ್ ಟೆಸ್ಟರ್ ಪ್ರೆಸ್ಸಿನ ಪಕ್ಕದಲ್ಲೇ ಇರಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೇ.

ಇಷ್ಟು ಪಾಡು ಪಟ್ಟು ಅಲ್ಯೂಮಿನಿಯಂ ಯಾಕೆ ಎಂದು ಕೇಳುವವರಿದ್ದಾರೆ. ಫೋರ್ಡ್ ತನ್ನ 2015ರ ಎಫ್-150 ಟ್ರಕ್ಕಿನ ಬಾಡಿಯನ್ನು ಅಲ್ಯೂಮಿನಿಯಂಗೆ ಬದಲಾಯಿಸಿ, ಚಾಸಿಯ ಸ್ಟೀಲನ್ನೂ ಹಗುರಗೊಳಿಸಿ, 300 ಕಿಲೋ ತನಕ ತೂಕ ಇಳಿಸಿತು. ಬಾನೆಟ್ಟು, ಬಾಗಿಲಿಗೆ ಈ ಖರ್ಚು ನ್ಯಾಯವೇ. ಕಾರಿನ ನೆಲಕ್ಕೆ, ನನ್ನನ್ನು ಕೇಳಿದರೆ, ಸ್ಟೀಲೇ ಸಾಕು.