ರೊಟ್ಟಿ ಬಡಿಯುವ ಕೈಗೆ ವೀಸಾ

ನನ್ನ ಹೆಂಡತಿಯ ಬೆರಳಿನ ಗೆರೆಗಳು ಸವೆದಿವೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಗ್ಯಾಸಿನ ಕೆವೈಸಿಗೆ ಬಂದ ಹುಡುಗ ನಮ್ಮ ಕಟ್ಟೆಯ ಮೇಲೆ ಕೂತು ಅರ್ಧ ತಾಸು ಆಕೆಯ ಹೆಬ್ಬೆಟ್ಟು ಒತ್ತಿಸಿ, ಕೊನೆಗೆ "ಮಾಸ್ತರ, ಮುಂದಿನ ವಾರ ನೋಡೂಣ್ರಿ" ಎಂದು ಎದ್ದು ಹೋಗಿದ್ದ. ಬೆಳಗಾವಿಯಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗಲೂ ಐದಾರು ಸಲ ಒತ್ತಿದ ಮೇಲೆಯೇ ಮೂಡಿದ್ದು. "ಬೆಂಗಳೂರಾಗೂ ಹಿಂಗ ಆದ್ರ ಏನ್ ಮಾಡೂದ್ರಿ?" ಎಂದು ಆಕೆ ಕೇಳಿದಳು. "ಅಲ್ಲಿ ಮಷಿನ್ ಚಲೋ ಇರ್ತಾವ, ನೀ ಸುಮ್ನಿರು" ಎಂದೆ. ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದವನ ಮಾತು ಇದು!

ಮಗಳ ಪದವಿ ಪ್ರದಾನ ಇದ್ದದ್ದು 2024ರ ಅಕ್ಟೋಬರಿನಲ್ಲಿ, ಸ್ವಿಟ್ಜರ್ಲೆಂಡಿನ ಲೊಜಾನ್ ಎಂಬ ಊರಿನಲ್ಲಿ. ಇಪಿಎಫ್‌ಎಲ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯ. ಆ ಸಮಾರಂಭಕ್ಕೆ ಅವರು ಮಾಜಿಸ್ತ್ರಾಲ್ ಎನ್ನುತ್ತಾರೆ. ನಮ್ಮೂರು ದೊಡವಾಡದಲ್ಲಿ ಆ ಹೊತ್ತಿಗೆ ಸೋಯಾಬಿನ್ ರಾಶಿ, ಮೇಲೆ ಮಹಾನವಮಿ. ರಾಶಿಯನ್ನು ತಮ್ಮನಿಗೆ, ಘಟದ ದೀಪವನ್ನು ತಂಗಿಗೆ ಒಪ್ಪಿಸಿದ್ದು ಇನ್ನೊಂದು ಪುರಾಣ, ಇಲ್ಲಿ ಬೇಡ. ಪಿಂಚಣಿಯ ಪಾಸ್‌ಬುಕ್ಕು, ಹೊಲದ ಉತಾರದ ಇಂಗ್ಲಿಷ್ ಅನುವಾದ, 30,000 ಯೂರೋ ವೆಚ್ಚ ಭರಿಸುವ ಪ್ರವಾಸ ವಿಮೆ, ಮಗಳು ಕಳಿಸಿದ ಆಹ್ವಾನ ಪತ್ರ, ಎಲ್ಲವನ್ನೂ ಫೈಲಿನಲ್ಲಿ ಒಂದರ ಹಿಂದೊಂದು ಜೋಡಿಸಿದ್ದೆ. ವೀಸಾ ಫೀ ಅದೇ ಜೂನ್‌ನಲ್ಲಿ 80ರಿಂದ 90 ಯೂರೋಗೆ ಏರಿತ್ತು. ನಮ್ಮ ಪಾಳಿ ಬರುವುದನ್ನೇ ಕಾಯುತ್ತಿದ್ದರೇನೋ.

ಧಾರವಾಡದಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಹತ್ತಿ ಬೆಳಿಗ್ಗೆ ಬೆಂಗಳೂರಿಗೆ ಇಳಿದೆವು. ವೀಸಾ ಕೇಂದ್ರದಲ್ಲಿ ನನ್ನದು ಮೂರು ನಿಮಿಷಕ್ಕೆ ಮುಗಿಯಿತು. ಎಡಗೈಯ ನಾಲ್ಕು, ಬಲಗೈಯ ನಾಲ್ಕು, ಆಮೇಲೆ ಎರಡು ಹೆಬ್ಬೆಟ್ಟು. ಆಕೆ ಕೂತಳು. ಹಸಿರು ಬೆಳಕಿನ ಗಾಜಿನ ಮೇಲೆ ಕೈಯಿಟ್ಟಳು. ಪರದೆಯ ಮೇಲೆ ಬೂದಿ ಬಣ್ಣದ ನಾಲ್ಕು ಮಚ್ಚೆ ಬಂದವು, ಗೆರೆ ಒಂದೂ ಇಲ್ಲ. ಕೌಂಟರಿನ ಹುಡುಗ ಹಿಂದಿಯಲ್ಲಿ ಏನೋ ಹೇಳಿದ. ಮತ್ತೆ ಇಟ್ಟಳು. ಮತ್ತೆ ಮಚ್ಚೆ. ಅವನು ಕಾಗದದಿಂದ ಗಾಜು ಒರೆಸಿದ, ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. ಎಂಟನೆಯ ಸಲಕ್ಕೆ ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಗಡಿಯಾರ ನೋಡಿದ. ನಮ್ಮ ಹಿಂದಿನ ಸಾಲು ಉದ್ದವಾಗುತ್ತಿತ್ತು. ಆಗ ನಾನು, ಅಷ್ಟು ಮಂದಿಯ ಎದುರಿಗೆ, "ಒತ್ತ ಜೋರಲೆ! ಒತ್ತಾಕೂ ಬರೂದಿಲ್ಲೇನು?" ಎಂದು ಬೈದೆ. ಆಕೆ ನನ್ನ ಕಡೆ ನೋಡಲಿಲ್ಲ. ಉಗುರು ಬೆಳ್ಳಗಾಗುವ ತನಕ ಒತ್ತಿದಳು. ಈಗ ತಿಳಿದಿದೆ, ಜೋರಾಗಿ ಒತ್ತಿದಷ್ಟೂ ಗೆರೆ ಚಪ್ಪಟೆಯಾಗಿ ಇನ್ನೂ ಮಸುಕಾಗುತ್ತದೆ.

ಬಾಗಿಲಲ್ಲಿ ನಿಂತಿದ್ದ ಸೆಕ್ಯೂರಿಟಿಯವನು ಗದಗ ಕಡೆಯವನು. ನಮ್ಮ ಮಾತು ಕೇಳಿ ಹತ್ತಿರ ಬಂದು, "ಯವ್ವಾ, ಬಳ್ಳು ಹಣಿಗೆ ತಿಕ್ಕೊಂಡು ಇಡ್ರಿ, ಎಣ್ಣಿ ಪಸೆ ಹತ್ತತೈತಿ" ಎಂದ. ಒಳ್ಳೆಯ ಉಪಾಯವೇ. ಆದರೆ ಬೆಳಿಗ್ಗೆ ಮಿಂದು ಮೂರು ಬೆರಳು ವಿಭೂತಿ ಹಚ್ಚಿಕೊಂಡ ಹಣೆ ಅದು. ಗಾಜಿನ ಮೇಲೆ ಬೆಳ್ಳಗೆ ನಾಲ್ಕು ಪಟ್ಟೆ ಬಿದ್ದವು. ಹುಡುಗ ಎದ್ದು ನಿಂತೇ ಬಿಟ್ಟ. ಮೇಲಿನವರೊಬ್ಬರು ಬಂದರು, ನೋಡಿದರು, ಕೈಗೆ ಕ್ರೀಮು ಹಚ್ಚಿ ಹತ್ತು ದಿನ ಬಿಟ್ಟು ಬನ್ನಿ ಎಂದರು. ಸೋಯಾಬಿನ್ನಿಗೆ ಎಣ್ಣಿ ಹೊಡೆಯುವ ಹೊತ್ತಿನಲ್ಲಿ ಹತ್ತು ದಿನ ಬಿಟ್ಟು ಮತ್ತೆ ಬೆಂಗಳೂರಿಗೆ! ಹನ್ನೆರಡರೊಳಗಿನ ಮಕ್ಕಳಿಗೆ ಬೆರಳಚ್ಚಿನಿಂದ ವಿನಾಯಿತಿ ಇದೆ. ಬೆರಳೇ ಇಲ್ಲದವರನ್ನು ಬಿಡುತ್ತಾರೆ. ನಲವತ್ತು ವರ್ಷ ಕಾದ ಹಂಚಿನ ಮುಂದೆ ಕೂತವರಿಗೆ ಯಾವ ಕಾಲಮ್ಮೂ ಇಲ್ಲ. ರಾತ್ರಿ ರೈಲಿನಲ್ಲಿ ಆಕೆ ಒಂದೇ ಮಾತು ಆಡಿದಳು: "ನೀವೊಬ್ಬರs ಹೋಗಿ ಬರ್ರಿ."

ಮನೆಗೆ ಬಂದವನೇ ಆಕೆಗೆ ನೀರು, ಬೂದಿ, ಹಿಟ್ಟು, ಕುರ್ಚಿಗಿ ಎಲ್ಲ ಬಂದ್ ಮಾಡಿದೆ. ಪಾತ್ರೆ ತಂಗಿಯ ಪಾಲಿಗೆ, ರೊಟ್ಟಿ ನನ್ನ ಪಾಲಿಗೆ. ಮೊದಲ ದಿನದ ರೊಟ್ಟಿಯನ್ನು ಎಮ್ಮೆ ತಿಂದಿತು. ಎಂಟನೆಯ ದಿನದ್ದನ್ನು ಮನುಷ್ಯರೂ ತಿನ್ನಬಹುದಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗುವುದು, ಕೊಡುವ ದಿನ ಮಾತ್ರ ಎಣ್ಣೆ ಮುಟ್ಟದೆ ಒದ್ದೆ ಬಟ್ಟೆಗೆ ಬೆರಳು ತಾಗಿಸಿ ಹಗುರಾಗಿ ಇಡುವುದು. ಇಷ್ಟೇ. ಎರಡನೇ ಸಲ ಹತ್ತೂ ಮೂಡಿದವು. ಒಮ್ಮೆ ಕೊಟ್ಟ ಗುರುತು 59 ತಿಂಗಳು ನಡೆಯುತ್ತದಂತೆ. ಯಾರಾದರೂ ಹೊರಟಿದ್ದರೆ ಫೈಲಿಗಿಂತ ಮೊದಲು ಕೈ ನೋಡಿಕೊಳ್ಳಿ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಹೆಂಡತಿಯ ತಮ್ಮ ಒಮ್ಮೆ ದುಬೈ ನೋಡಿ ಬಂದವನು. "ತುಪ್ಪ ಒಯ್ಯಿರಿ ಮಾಮಾ, ಏನೂ ಆಗೂದಿಲ್ಲ, ನಾನೂ ಒಯ್ದಿದ್ದೆ" ಎಂದ. ಎರಡು ಕಿಲೋ ಮನೆ ತುಪ್ಪ, ಧಾರವಾಡ ಪೇಢೆ, ಬೆಳಗಾವಿ ಕುಂದಾ ತುಂಬಿದೆವು. ಜಿನೀವಾದಲ್ಲಿ ಸುಂಕದವನು ನಮ್ಮ ಸೂಟ್‌ಕೇಸನ್ನೇ ತೆಗೆಸಬೇಕೆ! ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ ಎಂಬ ಕಾನೂನು ಅಲ್ಲಿನ ಚಿಕ್ಕ ಹುಡುಗರಿಗೂ ಗೊತ್ತಿರಬೇಕು, ನಮ್ಮ ದುಬೈ ಪಂಡಿತನಿಗೆ ಗೊತ್ತಿರಲಿಲ್ಲ. ದೃಷ್ಟಿಗೆಂದು ಇಟ್ಟ ಎರಡು ಲಿಂಬೆಹಣ್ಣೂ ಹೋದವು. ತೆಂಗಿನಕಾಯಿ ಉಳಿಯಿತು, ಬಾಳೆ, ಖರ್ಜೂರ, ಅನಾನಸ್, ಡೂರಿಯನ್ ಜೊತೆಗೆ ಅದಕ್ಕೂ ರಿಯಾಯಿತಿ ಇದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗೆ ಯಾರೂ ಏನೂ ಅನ್ನಲಿಲ್ಲ. ತುಪ್ಪದ ಬರಣಿ ತೊಟ್ಟಿಗೆ ಬೀಳುವಾಗ ಆಕೆ "ಸಾವಕಾಶ, ಒಡಿತೈತಿ" ಎಂದಳು, ಕನ್ನಡದಲ್ಲೇ.

ಜಿನೀವಾದಿಂದ ಲೊಜಾನ್‌ಗೆ ರೈಲಿನಲ್ಲಿ ಮುಕ್ಕಾಲು ತಾಸು. ಬಲಗಡೆ ಕೂತರೆ ಸರೋವರ ಕಾಣುತ್ತದೆ. ನಾವು ಎಡಗಡೆ ಕೂತಿದ್ದೆವು.

ಊರು ಎಲ್ಲಮ್ಮನ ಗುಡ್ಡದಂತೆ ಏರು. ಕೆಳಗೆ ಊಶಿ ಎಂಬ ದಂಡೆ, ಅಲ್ಲಿಂದ ಮೇಲಕ್ಕೆ 2008ರಲ್ಲಿ ಶುರುವಾದ ಮೆಟ್ರೊ, ರಬ್ಬರ್ ಚಕ್ರದ್ದು. ದಂಡೆಯಲ್ಲಿ ನಿಂತು ಇದು 580 ಚದರ ಕಿಲೋಮೀಟರ್, 310 ಮೀಟರ್ ಆಳ ಎಂದು ನಾನು ಪಾಠ ಶುರು ಮಾಡಿದೆ. ನವಿಲುತೀರ್ಥದ ಹಿನ್ನೀರು ನೋಡಿ ಬೆಳೆದವಳು, "ಈ ನೀರು ಯಾವ ಕಾಲುವಿಗೆ ಬಿಡ್ತಾರ?" ಎಂದಳು. ರೋನ್ ಎಂಬ ನದಿ ಒಂದು ತುದಿಯಲ್ಲಿ ಸೇರಿ ಜಿನೀವಾ ತುದಿಯಲ್ಲಿ ಹೊರಬೀಳುತ್ತದೆ ಎಂದಳು ಮಗಳು. "ಹಂಗಾರ ಇದು ನಮ್ಮ ಮಲಪ್ರಭಾನs ಬಿಡು" ಎಂದಾಯಿತು. ಕ್ಯಾಥೆಡ್ರಲ್ಲಿನ ಗೋಪುರದಿಂದ ರಾತ್ರಿ ಹತ್ತರಿಂದ ಎರಡರವರೆಗೆ ಕಾವಲುಗಾರ ತಾಸು ತಾಸಿಗೆ ಕೂಗು ಹಾಕುತ್ತಾನೆ, 1405ರಿಂದ. ನಮ್ಮ ತಳವಾರರ ಗಸ್ತು ನೆನಪಾಯಿತು.

ಸಮಾರಂಭದಲ್ಲಿ ಮಗಳ ಹೆಸರು ಕರೆದರು, ಅರ್ಧ ತಪ್ಪಾಗಿ. ಆಕೆ ವೇದಿಕೆ ದಾಟಲು ಹಿಡಿದದ್ದು ಹತ್ತು ಸೆಕೆಂಡೂ ಇಲ್ಲ. ನಾನು ಎದ್ದು ನಿಂತು, ಕೈ ಅಲುಗದಂತೆ, ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದೆ. ಕೂತ ಮೇಲೆ ನೋಡಿದರೆ ವಿಡಿಯೋ ಇಲ್ಲ. ಗುಂಡಿ ಒತ್ತಿಯೇ ಇರಲಿಲ್ಲ.

"ಜೋರಲೆ ಒತ್ತಬೇಕಿತ್ತು" ಎಂದಳು ನನ್ನ ಹೆಂಡತಿ. ಎರಡು ತಿಂಗಳು ಕಾದಿದ್ದಳು.

ಊರಿಗೆ ಬಂದ ಮೇಲೆ ಗ್ಯಾಸಿನ ಹುಡುಗ ಮತ್ತೆ ಮಷಿನ್ ಹಿಡಿದು ಬಂದ. ಹೆಬ್ಬೆಟ್ಟು ಮತ್ತೆ ಮೂಡಲಿಲ್ಲ. "ಏನಬೇ ಯವ್ವಾ, ಸ್ವಿಟ್ಜರ್ಲೆಂಡಿಗೆ ಮೂಡ್ತಾವ, ನಮ್ಮ ಸಿಲಿಂಡರಿಗೆ ಮೂಡೂದಿಲ್ಲ?" ಎಂದು ನಕ್ಕ.

"ಆವಾಗ ಎಂಟ್ ದಿನಾ ರೊಟ್ಟಿ ಇವರು ಬಡದಿದ್ರು" ಎಂದು ಆಕೆ ಒಳಗೆ ಹೋದಳು. ಹಂಚು ಕಾದಿತ್ತು.