ಮೈಯೊಳಗಿನ ಬಿಸಿ ಹೊರಗಿನಿಂದ ತಿಳಿಯುವುದು ಹೇಗೆ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಅಮ್ಮನ ಮೈ ಕೆಂಡದಂತೆ ಸುಡುತ್ತಿತ್ತು. ಕ್ಲಿನಿಕ್ಕಿನಲ್ಲಿ ಹಣೆಗೆ ಹಿಡಿದ ಗನ್ 97 ಡಿಗ್ರಿ ತೋರಿಸಿತು. ಮನೆಗೆ ಬಂದು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 102! ಮೈಕ್ರೋವೇವ್ ಸೆನ್ಸರ್‌ನಿಂದ ದೇಹದ ಒಳಗಿನ ಉಷ್ಣತೆಯನ್ನೇ ಅಳೆಯಬಹುದು ಎಂದು ಎಲ್ಲೋ ಓದಿದೆ. ಓವನ್ನಿನಲ್ಲಿ ಅನ್ನ ಬಿಸಿ ಮಾಡುವ ಅಲೆಯನ್ನೇ ಮೈಮೇಲೆ ಬಿಟ್ಟರೆ ಅಪಾಯವಿಲ್ಲವೇ?
— ಓದುಗಿ, ಸಾಗರ

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಈ ಸೆನ್ಸರ್ ಮೈಮೇಲೆ ಏನನ್ನೂ ಬಿಡುವುದಿಲ್ಲ. ಮೈಯಿಂದ ತಾನಾಗಿ ಹೊರಬರುವುದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಒಲೆಯ ಕಲ್ಲು, ಹಸುವಿನ ಮೈ, ನಮ್ಮ ಅಂಗೈ, ಎಲ್ಲವೂ ತಮ್ಮ ಬಿಸಿಗೆ ತಕ್ಕಂತೆ ಸದಾ ವಿಕಿರಣ ಸೂಸುತ್ತಿರುತ್ತವೆ. 37 ಡಿಗ್ರಿ ಸೆಲ್ಸಿಯಸ್‌ನ ದೇಹದಿಂದ ಬರುವುದರಲ್ಲಿ ಬಹುಪಾಲು ಅವಕೆಂಪು ಕಿರಣ. ಅದರ ಜೊತೆಗೆ ತೀರಾ ಅಲ್ಪ ಪ್ರಮಾಣದ ಮೈಕ್ರೋವೇವ್ ಕೂಡ ಇದೆ. ಈ ಸಾಲು ಓದುತ್ತಿರುವಾಗಲೂ ನಿಮ್ಮ ಮೈಯಿಂದ ಅದು ಹೊರಟೇ ಇದೆ.

ಕ್ಲಿನಿಕ್ಕಿನ ಗನ್ ಹಿಡಿಯುವುದು ಅವಕೆಂಪು ಕಿರಣವನ್ನು. ಒಳಗೆ ಹುಟ್ಟಿದ ಅವಕೆಂಪು ಕಿರಣ ಒಂದು ಮಿಲಿಮೀಟರ್ ಕೂಡ ದಾಟಲಾರದೆ ಅಲ್ಲೇ ಹೀರಿಹೋಗುತ್ತದೆ. ಹಾಗಾಗಿ ಗನ್ನಿಗೆ ಸಿಗುವುದು ಚರ್ಮದ ಮೇಲ್ಪದರದ ಸುದ್ದಿ ಮಾತ್ರ. ಜ್ವರ ಏರುವಾಗ, ಚಳಿ ಹಿಡಿದು ನಡುಗುವಾಗ, ರಕ್ತ ಚರ್ಮದಿಂದ ಒಳಕ್ಕೆ ಸರಿಯುತ್ತದೆ. ಒಳಗೆ ಕುದಿಯುತ್ತಿದ್ದರೂ ಹಣೆ ತಣ್ಣಗಿರಬಹುದು. ಬೆವರು, ಫ್ಯಾನಿನ ಗಾಳಿ, ಆಗಷ್ಟೇ ತೆಗೆದ ಒದ್ದೆಬಟ್ಟೆ ಸೇರಿದರೆ ಇನ್ನಷ್ಟು. ನಿಮ್ಮ ತಾಯಿಯ ವಿಷಯದಲ್ಲಿ ಹೀಗೇ ಆಗಿರುವ ಸಾಧ್ಯತೆ ಹೆಚ್ಚು.

ಮೈಕ್ರೋವೇವ್ ಅಲೆ ಇಷ್ಟು ಬೇಗ ಸೋಲುವುದಿಲ್ಲ. 1.4 ಗಿಗಾಹರ್ಟ್ಸ್ ಸುಮಾರಿಗೆ ಅದು ಸ್ನಾಯುವಿನೊಳಗಿಂದಲೂ ಎರಡು ಮೂರು ಸೆಂಟಿಮೀಟರ್ ದಾಟಿ ಹೊರಬರುತ್ತದೆ. ಕೊಬ್ಬಿನಲ್ಲಿ ಇನ್ನೂ ಸಲೀಸು. ಖಗೋಳ ವಿಜ್ಞಾನಿಗಳು ಇದನ್ನು ವೈದ್ಯಕೀಯಕ್ಕೆ ತಂದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನಕ್ಷತ್ರಗಳ ನಡುವಿನ ಬಯಲಲ್ಲಿ ಹೈಡ್ರಾಕ್ಸಿಲ್ ಇರುವುದನ್ನು 1963ರಲ್ಲಿ ರೇಡಿಯೋ ಅಲೆಗಳಿಂದ ಪತ್ತೆ ಮಾಡಿದ ತಂಡದಲ್ಲಿ ಎಂಐಟಿಯ ಅಲನ್ ಬ್ಯಾರೆಟ್ ಇದ್ದರು. ಅವರೇ ಫಿಲಿಪ್ ಮೈಯರ್ಸ್ ಜೊತೆ ಸೇರಿ, ಚರ್ಮದ ಕೆಳಗಿನ ಉಷ್ಣತೆಯನ್ನು ಇದೇ ವಿದ್ಯೆಯಿಂದ ಅಳೆಯಬಹುದೆಂದು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಹಾಗಿದ್ದರೆ ಐವತ್ತು ವರ್ಷವಾದರೂ ಅದೇಕೆ ಮೆಡಿಕಲ್ ಶಾಪಿಗೆ ಬಂದಿಲ್ಲ? ಸೆನ್ಸರ್‌ಗೆ ಸಿಗುವ ಶಕ್ತಿಯ ಲೆಕ್ಕ ನೋಡಿ. 27 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಆಂಟೆನಾಗೆ ದಕ್ಕುವುದು ಒಂದು ವ್ಯಾಟ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಆ ಪಾಲಿನ ಹತ್ತನೇ ಒಂದಂಶಕ್ಕಿಂತ ತುಸು ಹೆಚ್ಚು. 0.2 ಡಿಗ್ರಿ ಸೆಲ್ಸಿಯಸ್ ಜ್ವರ ಏರಿದರೆ ಅದರಲ್ಲಿ ಆಗುವ ಬದಲಾವಣೆ 1,550ರಲ್ಲಿ ಒಂದು ಭಾಗ. ಇಷ್ಟನ್ನು ಹಿಗ್ಗಿಸಿ ತೋರಿಸಬೇಕಾದ ಆಂಪ್ಲಿಫೈಯರ್ ತಾನೂ ಬಿಸಿಯಾದ ವಸ್ತುವೇ, ಅದಕ್ಕೂ ತನ್ನದೇ ಗದ್ದಲವಿದೆ. ಮೇಲಾಗಿ ಅದರ ವರ್ಧನೆ ಗಳಿಗೆಗೊಂದು ರೀತಿ ಜಾರುತ್ತದೆ.

ಈ ಜಾರುವಿಕೆಗೆ ಮದ್ದು ಕಂಡುಹಿಡಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಡಿಕ್ಕಿ. ಅವರ ಲೇಖನ ಬಂದದ್ದು 1946ರಲ್ಲಿ. ಸಂತೆಯ ತಕ್ಕಡಿ ಸರಿಯಿಲ್ಲ ಎನ್ನಿ. ಆಗ ಒಂದೇ ತಟ್ಟೆಯಲ್ಲಿ ಒಮ್ಮೆ ಬೆಲ್ಲ, ಒಮ್ಮೆ ತೂಕದ ಕಲ್ಲು ಇಟ್ಟು ಎರಡನ್ನೂ ಹೋಲಿಸಿದರೆ ತಕ್ಕಡಿಯ ದೋಷ ಲೆಕ್ಕಕ್ಕೆ ಬರುವುದಿಲ್ಲ. ಡಿಕ್ಕಿಯ ಸ್ವಿಚ್ ಕೂಡ ಆಂಪ್ಲಿಫೈಯರ್‌ಗೆ ಒಮ್ಮೆ ಆಂಟೆನಾವನ್ನು, ಒಮ್ಮೆ ಉಷ್ಣತೆ ಗೊತ್ತಿರುವ ರೆಸಿಸ್ಟರನ್ನು ಸೆಕೆಂಡಿಗೆ ಹಲವು ಸಲ ಬದಲಿಸಿ ಜೋಡಿಸುತ್ತದೆ. ಉಳಿದ ಗದ್ದಲವನ್ನು ತಾಳ್ಮೆಯಿಂದಲೇ ಗೆಲ್ಲಬೇಕು. ನಾಲ್ಕು ಪಟ್ಟು ಹೊತ್ತು ಕಾದರೆ ಅದರಿಂದಾಗುವ ತಪ್ಪು ಅರ್ಧಕ್ಕಿಳಿಯುತ್ತದೆ.

ವಿನ್ಯಾಸಕಾರರನ್ನು ನಿಜಕ್ಕೂ ಕಾಡುವುದು ಆಂಟೆನಾ ಮೈಗೆ ತಾಗುವ ಜಾಗ. ಸ್ನಾಯುವಿನಲ್ಲಿ ನೀರು ಹೆಚ್ಚು, ಕೊಬ್ಬಿನಲ್ಲಿ ಕಡಿಮೆ. ಪದರ ಬದಲಾದಲ್ಲೆಲ್ಲ ಅಲೆಯ ಒಂದಷ್ಟು ಪಾಲು ಹಿಂದಕ್ಕೆ ಪುಟಿಯುತ್ತದೆ. ಅಷ್ಟೇ ಅಲ್ಲ, ಸೆನ್ಸರ್‌ನ ಸ್ವಂತ ಬಿಸಿಯೂ ಚರ್ಮಕ್ಕೆ ಬಡಿದು ವಾಪಸು ಬಂದು, ದೇಹದ್ದೇನೋ ಎಂಬಂತೆ ಒಳಸೇರುತ್ತದೆ. ನೂರಕ್ಕೆ ಐದು ಪಾಲು ಹೀಗೆ ಪುಟಿದರೆ ಸಾಕು, ದೇಹಕ್ಕಿಂತ 10 ಡಿಗ್ರಿ ತಣ್ಣಗಿರುವ ಸೆನ್ಸರ್ ಅರ್ಧ ಡಿಗ್ರಿ ಸೆಲ್ಸಿಯಸ್ ತಪ್ಪು ತೋರಿಸುತ್ತದೆ. ಒಬ್ಬರ ತೆಳ್ಳಗಿನ ತೋಳಿಗೆ ಹೊಂದಿದ ಆಂಟೆನಾ ಇನ್ನೊಬ್ಬರ ದಪ್ಪ ಹೊಟ್ಟೆಗೆ ಹೊಂದುವುದಿಲ್ಲ. ಜೊತೆಗೆ, ಕೈಗೆ ಬರುವುದು ಚರ್ಮ, ಕೊಬ್ಬು, ಸ್ನಾಯುಗಳ ಬಿಸಿ ಕಲಸಿದ ಒಂದೇ ಸಂಖ್ಯೆ. ಆಳ ಬೇರೆ ಬೇರೆಯಾಗಿರುವ ಎರಡು ಮೂರು ಆವರ್ತನಗಳಲ್ಲಿ ಅಳೆದು, ಗಣಿತದಿಂದ ಪದರ ಪದರವಾಗಿ ಬಿಡಿಸಬೇಕು. ಅದಕ್ಕೇ ಪ್ರಯೋಗಾಲಯಗಳಲ್ಲಿ ನೀರು, ಉಪ್ಪು, ಅಗರ್ ಕಲಸಿ ನಕಲಿ ಮಾಂಸ ಮಾಡಿಕೊಂಡು ಮೊದಲು ಅದರ ಮೇಲೆ ಪರೀಕ್ಷಿಸುತ್ತಾರೆ.

ಇನ್ನು ಮೊಬೈಲು, ವೈಫೈ. ಅವುಗಳ ಅಬ್ಬರದಲ್ಲಿ ದೇಹದ ಪಿಸುಮಾತು ಕೇಳುವುದುಂಟೇ? ಇದಕ್ಕೂ ಆಕಾಶವೇ ಆಸರೆ. ಹೈಡ್ರೋಜನ್ ಪರಮಾಣುಗಳ ಸಂಕೇತ 1,420 ಮೆಗಾಹರ್ಟ್ಸ್‌ನಲ್ಲಿ ಬರುವುದರಿಂದ 1,400ರಿಂದ 1,427ರವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂಬ ಅಂತರರಾಷ್ಟ್ರೀಯ ನಿಯಮವಿದೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಜೋಯಾ ಪೊಪೊವಿಚ್ ಅವರ ತಂಡ ಈ ಸದ್ದಿಲ್ಲದ ಪಟ್ಟಿಯಲ್ಲೇ ದೇಹದ ಥರ್ಮಾಮೀಟರ್ ವಿನ್ಯಾಸ ಮಾಡಿದೆ.

ನೀವು ಸಾಗರದವರು, ಆದ್ದರಿಂದ ಇದನ್ನು ಹೇಳಲೇಬೇಕು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸಂಕೇತವನ್ನು ಹುಡುಕಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ‘ಸರಸ್’ ಎಂಬ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ನಿಮ್ಮ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು, ಬಂಡೆ, ತೇವದ ಪದರಗಳು ತಮ್ಮ ಬಿಸಿಯನ್ನು ಬೆರೆಸಿ ಅಳತೆ ಕೆಡಿಸುತ್ತವೆ. ನೀರಾದರೆ ಎಲ್ಲೆಡೆ ಒಂದೇ ಸಮ. ಅವರು ನೆಲದ ಪದರಗಳಿಂದ ತಪ್ಪಿಸಿಕೊಂಡರು. ದೇಹದ ಪದರಗಳಿಂದ ತಪ್ಪಿಸಿಕೊಳ್ಳಲು ನಮಗೆ ಅಂಥ ಕೆರೆ ಇಲ್ಲ.

ಇಷ್ಟೆಲ್ಲ ಪಾಡು ಬೇಕೇ ಎಂದರೆ, ಖಂಡಿತ ಬೇಕು. ಇಂದು ದೇಹದ ಆಳದ ಉಷ್ಣತೆಯನ್ನು ಬಿಡದೆ ಗಮನಿಸಬೇಕಾದರೆ ಸಾಮಾನ್ಯವಾಗಿ ಅನ್ನನಾಳಕ್ಕೋ ಮೂತ್ರಕೋಶಕ್ಕೋ ಗುದದ್ವಾರಕ್ಕೋ ತಂತಿ ತೂರಿಸಬೇಕು. ತೊಟ್ಟಿಲಲ್ಲಿರುವ ಎಳೆಗೂಸಿಗೆ, ಉರಿಬಿಸಿಲಲ್ಲಿ ಡಾಂಬರು ಹಾಕುವ ಕೂಲಿಯವರಿಗೆ ಅದು ಸಾಧ್ಯವೇ? ಮೈಗೆ ಅಂಟಿಸಿದ ಒಂದು ಪಟ್ಟಿ ಅವರ ಜೀವ ಕಾಯುವಂತಾದರೆ ಈ ದುಡಿಮೆ ಸಾರ್ಥಕ.

ಅದು ಕೈಗೆ ಬರುವ ತನಕ ಮನೆಯ ಡಿಜಿಟಲ್ ಥರ್ಮಾಮೀಟರನ್ನೇ ನಂಬಿ. ಕಂಕುಳಿನ ಬೆವರು ಒರೆಸಿ, ತೋಳು ಒತ್ತಿ ಹಿಡಿದು, ಬೀಪ್ ಸದ್ದು ಬರುವವರೆಗೆ ಇಡಿ. ಒಳಗಿನ ಬಿಸಿ ಅದು ತೋರಿಸಿದ್ದಕ್ಕಿಂತ ಸಾಮಾನ್ಯವಾಗಿ ತುಸು ಹೆಚ್ಚೇ ಇರುತ್ತದೆ. ಹಣೆಯ ಗನ್ ಜ್ವರವಿಲ್ಲ ಎಂದರೂ ಮೈ ಸುಡುತ್ತಿದ್ದರೆ, ಇನ್ನೊಮ್ಮೆ ಥರ್ಮಾಮೀಟರ್ ಇಟ್ಟು ನೋಡಿ ಎಂದು ಕ್ಲಿನಿಕ್ಕಿನವರನ್ನು ಸಂಕೋಚವಿಲ್ಲದೆ ಕೇಳಿ.